ಆರಂಭದ ಸ್ಟಾಕು, ಕೊನೆಯ ಸ್ಟಾಕು

ಬೆಳಗ್ಗೆ ಎಂಟೂವರೆಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಊರಿಗೆ ಊರೇ ಮುಂಬಯಿ ಕಡೆಯ ಗಾಡಿಗೆ ಕಾದು ನಿಂತಿದ್ದರೆ, ಅವನು ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಕಲ್ಯಾಣ್ ಗಾಡಿಗೆ ಕಾಯುತ್ತಿದ್ದ. ಆ ನೌಕರಿಯಲ್ಲಿ ಸುಖ ಅಂತ ಇದ್ದದ್ದು ಅದೊಂದೇ, ಕೂರಲು ಜಾಗ ಸಿಗುತ್ತಿತ್ತು. ಹೆಗಲಿಗೆ ರೆಕ್ಸಿನ್ ಚೀಲ. ಚೀಲದಲ್ಲಿ ರಟ್ಟಿನ ಪ್ಯಾಡು, ಎರಡು ಪೆನ್ಸಿಲ್, ಒಂದು ರಬ್ಬರ್, ಅಮ್ಮ ಕಟ್ಟಿಕೊಟ್ಟ ಡಬ್ಬಿ. ಪೆನ್ನು ಕೊಡುತ್ತಿರಲಿಲ್ಲ. ಫಾರ್ಮನ್ನು ಪೆನ್ಸಿಲಿನಲ್ಲೇ ತುಂಬಬೇಕು ಅನ್ನುವುದು ಕಂಪನಿಯ ನಿಯಮ. ಯಾಕೆ ಅನ್ನುವುದು ಅವನಿಗೆ ಒಂದು ವರ್ಷದ ಮೇಲೆ ಗೊತ್ತಾಯಿತು.

2004ರಲ್ಲಿ ಬಿ.ಕಾಂ. ಮುಗಿಸಿದ ಕೂಡಲೇ ಸಿಕ್ಕಿದ ಕೆಲಸ ಅದು. ಮಾರುಕಟ್ಟೆ ಸಮೀಕ್ಷೆ ಮಾಡುವ ಕಂಪನಿಯೊಂದರ ಪರವಾಗಿ ಅಂಗಡಿ ಅಂಗಡಿಗೆ ಹೋಗಿ ಮಾಲು ಎಣಿಸುವುದು. ಶಾಂಪೂ ಸ್ಯಾಶೆ, ಬಿಸ್ಕತ್ತು, ಬ್ಯಾಟರಿ ಸೆಲ್ಲು. ಥಾಣೆಯ ಗೋಖಲೆ ರಸ್ತೆ, ಡೊಂಬಿವಲಿಯ ಮಾನ್ಪಾಡಾ ರಸ್ತೆ, ಕಲ್ಯಾಣ್ ಪಶ್ಚಿಮದ ಶಿವಾಜಿ ಚೌಕ, ವಾಶಿಯ ಸೆಕ್ಟರ್ 17. ಥಾಣೆಯಿಂದ ವಾಶಿಗೆ ನೇರ ಲೋಕಲ್ ಆಗಷ್ಟೇ, ಅದೇ ವರ್ಷ, ಶುರುವಾಗಿತ್ತು. ಅದಿಲ್ಲದಿದ್ದರೆ ಕುರ್ಲಾಕ್ಕೆ ಹೋಗಿ ಸುತ್ತು ಹಾಕಬೇಕಿತ್ತು, ಇಲ್ಲವೇ ಬಸ್ಸಿನಲ್ಲಿ ಒದ್ದಾಡಬೇಕಿತ್ತು.

ಅವನ ಅಪ್ಪ ಉಡುಪಿ ಕಡೆಯವರು, ಫಡ್ಕೆ ರಸ್ತೆಯ ಹತ್ತಿರದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಮಗನ ಕೆಲಸ ಏನೆಂದು ಕೇಳಿ ನಕ್ಕರು. “ಬೇರೆಯವನ ಅಂಗಡಿಯ ಲೆಕ್ಕ ನಿನಗೆ ಯಾಕೆ ಸರಿಯಾಗಿ ಹೇಳುತ್ತಾನೆ ಮಾರಾಯ? ನಮ್ಮ ಧಣಿಗೇ ನಾವು ಪೂರ್ತಿ ಹೇಳುವುದಿಲ್ಲ” ಅಂದರು. ಧಣಿಗೂ ಅದು ಗೊತ್ತಿತ್ತು. ಆತ ಗಲ್ಲಾದ ದುಡ್ಡನ್ನು ನಂಬದೆ, ರಾತ್ರಿ ಅಡುಗೆಮನೆಗೆ ಹೋಗಿ ಉಳಿದ ದೋಸೆ ಹಿಟ್ಟಿನ ಪಾತ್ರೆ ಬಗ್ಗಿ ನೋಡುತ್ತಿದ್ದ. ಬೆಳಗ್ಗೆ ರುಬ್ಬಿದ್ದು ಎಷ್ಟು, ರಾತ್ರಿ ಉಳಿದದ್ದು ಎಷ್ಟು, ನಡುವಿನದ್ದು ವ್ಯಾಪಾರ.

ವಿಚಿತ್ರವೆಂದರೆ ಕಂಪನಿಯ ವಿಧಾನವೂ ಅದೇ. ಅಂಗಡಿಯವನನ್ನು ‘ಎಷ್ಟು ಮಾರಿದೆ’ ಎಂದು ಕೇಳುವ ಹಾಗಿಲ್ಲ, ಕೇಳಿದರೆ ಸುಳ್ಳು ಬರುತ್ತದೆ. ಕಳೆದ ಸಲ ಎಣಿಸಿದ ಸ್ಟಾಕಿಗೆ ಈ ನಡುವೆ ಬಂದ ಮಾಲನ್ನು ಬಿಲ್ ನೋಡಿ ಸೇರಿಸು, ಇವತ್ತು ಎಣಿಸಿದ ಸ್ಟಾಕನ್ನು ಕಳೆ. ಉಳಿದದ್ದೇ ಮಾರಾಟ. ಅಮೆರಿಕದ ಆರ್ಥರ್ ನೀಲ್ಸನ್ 1933ರಲ್ಲಿ ಔಷಧಿ ಅಂಗಡಿಗಳಿಂದ ಶುರುಮಾಡಿದ ಲೆಕ್ಕ ಇದು. ನಮ್ಮಲ್ಲಿ ವಿಕ್ರಮ್ ಸಾರಾಭಾಯಿಯವರು ಬರೋಡಾದಲ್ಲಿ ಕಟ್ಟಿದ ಆಪರೇಷನ್ಸ್ ರಿಸರ್ಚ್ ಗ್ರೂಪ್ ಇಂಥದ್ದೇ ಅಂಗಡಿ ಲೆಕ್ಕವನ್ನು ಬೆಳೆಸಿತು. ರಾಕೆಟ್ ಹಾರಿಸಿದ ಮನುಷ್ಯ ಔಷಧಿ ಅಂಗಡಿಯ ಶೆಲ್ಫನ್ನೂ ಎಣಿಸಲು ಹಚ್ಚಿದ್ದರು ಎಂದು ತರಬೇತಿಯಲ್ಲಿ ಕೇಳಿದಾಗ ಅವನಿಗೆ ತನ್ನ ಕೆಲಸದ ಮೇಲೆ ಸ್ವಲ್ಪ ಗೌರವ ಹುಟ್ಟಿತು.

2005ರ ಆರಂಭದಲ್ಲಿ ಅವನ ಫಾರ್ಮಿಗೆ ಹೊಸದೊಂದು ಹಾಳೆ ಸೇರಿತು: ವಿಡಿಯೊ ಗೇಮ್. ಪ್ರಯೋಗಕ್ಕೆಂದು ಕೆಲವೇ ಅಂಗಡಿಗಳಲ್ಲಿ. ಕಂಪ್ಯೂಟರ್ ಗೇಮಿನ ಸೀಡಿ, ಪ್ಲೇಸ್ಟೇಷನ್ 2ರ ಡಿಸ್ಕು, ಟೀವಿಗೆ ಸಿಕ್ಕಿಸುವ ‘ಕ್ಯಾಸೆಟ್’ ಗೇಮುಗಳು. ಕಾರ್ಟ್ರಿಡ್ಜ್ ಎಂದು ಯಾರೂ ಅನ್ನುತ್ತಿರಲಿಲ್ಲ, ನಮ್ಮ ಮಕ್ಕಳಿಗೆ ಅದು ಕ್ಯಾಸೆಟ್ಟೇ. ಇಷ್ಟು ದಿನ ಶಾಂಪೂ ಎಣಿಸಿ ಬೇಸತ್ತಿದ್ದ ಹುಡುಗನಿಗೆ ಖುಷಿಯೇ ಆಯಿತು. ಕಾಲೇಜಿನ ದಿನಗಳಲ್ಲಿ ಡೊಂಬಿವಲಿ ಪೂರ್ವದ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಕೊಟ್ಟು ‘ಐಜಿಐ’ ಆಡಿದವನು ಅವನು. ಆ ಕೆಫೆಯ ಎಲ್ಲ ಕಂಪ್ಯೂಟರುಗಳಲ್ಲಿ ಓಡುತ್ತಿದ್ದದ್ದು ಒಂದೇ ಸೀಡಿಯ ಕಾಪಿ, ಅದೂ ಅಸಲಿಯಲ್ಲ. ನೂರಾರು ಹುಡುಗರು ಆಡಿದ ಆ ಆಟ ಯಾವ ಫಾರ್ಮಿನಲ್ಲೂ ಒಂದು ಅಂಕಿಯಾಗಿ ಬಂದಿರಲಾರದು.

ಗೇಮಿನ ಹಾಳೆ ಮೊದಲ ತಿಂಗಳಿನಿಂದಲೇ ಕಾಟ ಕೊಟ್ಟಿತು. ಕಲ್ಯಾಣಿನ ಅಂಗಡಿಗಳಲ್ಲಿ ಲೆಕ್ಕ ಹಾಕಿದರೆ ಕೆಲವು ಆಟಗಳ ಮಾರಾಟ ಮೈನಸ್ ಬರುತ್ತಿತ್ತು. ಕಳೆದ ತಿಂಗಳು 6, ಬಿಲ್ಲಿನ ಪ್ರಕಾರ ಬಂದದ್ದು ಸೊನ್ನೆ, ಇವತ್ತು ಶೆಲ್ಫಿನಲ್ಲಿ 9. ಅಂದರೆ ಮೈನಸ್ 3 ಮಾರಾಟ. ಸೀಡಿ ಮರಿ ಹಾಕಿತೇ? ಇಲ್ಲ, ಮಾಲು ಬಿಲ್ಲಿಲ್ಲದೆ ಬಂದಿತ್ತು. ಆಗ ಕಲ್ಯಾಣ್-ಡೊಂಬಿವಲಿಯಲ್ಲಿ ಜಕಾತಿ ಇತ್ತು. ನಗರದ ಗಡಿಯ ನಾಕಾದಲ್ಲಿ ಮಾಲಿನ ಮೇಲೆ ತೆರಿಗೆ ಕಟ್ಟಿಯೇ ಒಳಗೆ ಬರಬೇಕು. ಆದರೆ ಸೀಡಿಗಳು ಹುಡುಗನೊಬ್ಬನ ಕಾಲೇಜು ಬ್ಯಾಗಿನಲ್ಲಿ ಲೋಕಲ್ ಹತ್ತಿ ಲ್ಯಾಮಿಂಗ್ಟನ್ ರಸ್ತೆಯಿಂದ ಬರುತ್ತವೆ, ಬ್ಯಾಗಿಗೆ ಎಲ್ಲಿಯ ನಾಕಾ! ನವಿಮುಂಬಯಿಯಲ್ಲಿ ನಾಕಾ ಇರಲಿಲ್ಲ. ಅಲ್ಲಿ ಸೆಸ್ ಪದ್ಧತಿ, ಪುಸ್ತಕದಲ್ಲಿ ಬರೆದ ಖರೀದಿಯ ಮೇಲೆ ತೆರಿಗೆ. ಹಾಗಾಗಿ ವಾಶಿಯ ಅಂಗಡಿಗಳಲ್ಲಿ ಪುಸ್ತಕ ಇರುತ್ತಿತ್ತು, ಲೆಕ್ಕ ಕೂಡುತ್ತಿತ್ತು. ವರದಿ ಓದಿದವರಿಗೆ ವಾಶಿಯ ಜನ ಹೆಚ್ಚು ಆಟ ಕೊಳ್ಳುತ್ತಾರೆ, ಕಲ್ಯಾಣಿನವರು ಕಡಿಮೆ ಅನ್ನಿಸಿರಬೇಕು. ಅದು ಆಟದ ಲೆಕ್ಕವಾಗಿರಲಿಲ್ಲ, ಎರಡು ಮಹಾನಗರಪಾಲಿಕೆಗಳ ತೆರಿಗೆ ಪದ್ಧತಿಯ ಲೆಕ್ಕವಾಗಿತ್ತು.

ಮೈನಸ್ ಬಂದಲ್ಲಿ ಸೊನ್ನೆ ಬರೆ ಅಂದರು ಸೂಪರ್‌ವೈಸರ್ ಸಾಹೇಬರು. ಅವನು ಬರೆದ.

ಇಂಥ ಲೆಕ್ಕದ ತೊಂದರೆ ನಮ್ಮದೊಂದೇ ಅಲ್ಲ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಎಷ್ಟೋ ವರ್ಷ ಸಂಗೀತದ ಅಂಗಡಿಗಳಿಗೆ ಫೋನ್ ಮಾಡಿ ‘ಯಾವ ಆಲ್ಬಂ ಚೆನ್ನಾಗಿ ಹೋಗುತ್ತಿದೆ’ ಎಂದು ಕೇಳಿ ಪಟ್ಟಿ ಮಾಡುತ್ತಿತ್ತು. 1991ರ ಮೇ ತಿಂಗಳಲ್ಲಿ ಅದನ್ನು ಬಿಟ್ಟು ಬಾರ್‌ಕೋಡಿನ ಲೆಕ್ಕಕ್ಕೆ ಹೋದದ್ದೇ ತಡ, ಪಟ್ಟಿ ತಲೆಕೆಳಗಾಯಿತು. ಕೌಂಟರಿನ ಹಿಂದಿನವರಿಗೆ ಹೇಳಲು ಮನಸ್ಸಿಲ್ಲದಿದ್ದ ಕಂಟ್ರಿ ಮತ್ತು ರ‍್ಯಾಪ್ ಮೇಲೆದ್ದವು. ಜೂನ್‌ನಲ್ಲೇ ಎನ್‌ಡಬ್ಲ್ಯುಎ ಎಂಬ ರ‍್ಯಾಪ್ ತಂಡದ ಆಲ್ಬಂ ಮೊದಲ ಸ್ಥಾನದಲ್ಲಿತ್ತು. ಜನ ರಾತ್ರೋರಾತ್ರಿ ಬದಲಾಗಿರಲಿಲ್ಲ, ಕೇಳುವ ರೀತಿ ಬದಲಾಗಿತ್ತು ಅಷ್ಟೇ. ವಿಡಿಯೊ ಗೇಮಿನಲ್ಲಿ ಎನ್‌ಪಿಡಿ ಎಂಬ ಸಂಸ್ಥೆ ದೊಡ್ಡ ಅಂಗಡಿಗಳ ಕ್ಯಾಷ್ ರಿಜಿಸ್ಟರಿನಿಂದ ಅಂಕಿ ತರಿಸಿಕೊಂಡು, ಸಿಗದ ಅಂಗಡಿಗಳದ್ದನ್ನು ಅಂದಾಜಿನಿಂದ ತುಂಬಿ ವರದಿ ಕೊಡುತ್ತಿತ್ತು. 2010ರ ಅಕ್ಟೋಬರಿನಿಂದ ಎಷ್ಟು ಪ್ರತಿ ಮಾರಿತು ಅನ್ನುವುದನ್ನು ಸಾರ್ವಜನಿಕರಿಗೆ ಹೇಳುವುದನ್ನೇ ನಿಲ್ಲಿಸಿತು. ಕಾಸು ಕೊಟ್ಟವರಿಗೆ ಮಾತ್ರ.

ಇನ್ನು ಕಂಪನಿಗಳು ತಾವೇ ಹೇಳಿಕೊಳ್ಳುವ ಸಂಖ್ಯೆ. ಸೋನಿಯವರು 2007ರ ಮಾರ್ಚ್‌ವರೆಗೆ ಪ್ಲೇಸ್ಟೇಷನ್ ಯಂತ್ರಗಳ ಸಂಖ್ಯೆಯನ್ನು ‘ತಯಾರಿಸಿ ಕಳಿಸಿದ್ದು’ ಎಂಬ ಲೆಕ್ಕದಲ್ಲಿ ಕೊಡುತ್ತಿದ್ದರು, ಆಮೇಲೆ ‘ಮಾರಾಟ’ ಎಂಬ ಲೆಕ್ಕಕ್ಕೆ ಬಂದರು. ಆ ಮಾರಾಟವೂ ಅಂಗಡಿಗೆ ಮಾರಿದ್ದೇ ಹೊರತು ಮಗುವಿನ ಕೈಗೆ ಮಾರಿದ್ದಲ್ಲ. ಕಾರ್ಖಾನೆ, ಗೋದಾಮು, ಅಂಗಡಿ, ಮನೆ ಎಂಬ ನಾಲ್ಕು ಜಾಗದಲ್ಲಿ ನಿಂತು ಎಣಿಸಿದರೆ ನಾಲ್ಕು ಸಂಖ್ಯೆ ಸಿಗುತ್ತದೆ. 1982ರ ಕ್ರಿಸ್‌ಮಸ್‌ಗೆ ಅಟಾರಿ ಕಂಪನಿ ‘ಇ.ಟಿ.’ ಸಿನಿಮಾದ ಮೇಲೊಂದು ಆಟವನ್ನು ಲಕ್ಷಗಟ್ಟಲೆ ಮಾಡಿ ಅಂಗಡಿಗಳಿಗೆ ತುಂಬಿತು. ಕಳಿಸಿದ್ದನ್ನು ನೋಡಿದರೆ ದೊಡ್ಡ ಗೆಲುವು. ಮಾಲು ರಾಶಿ ರಾಶಿ ವಾಪಸು ಬಂತು. 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಎಂಬಲ್ಲಿ ಕಸದ ಗುಂಡಿಗೆ ಹಾಕಿ ಮುಚ್ಚಿದರು. 2014ರಲ್ಲಿ ಅಗೆದು ನೋಡಿದಾಗ, ಹೂಳಿಸಿದ ಅಧಿಕಾರಿಯೇ ಬಂದು ಎಲ್ಲ ಆಟಗಳೂ ಸೇರಿ 7,28,000 ಕಾರ್ಟ್ರಿಡ್ಜ್ ಹಾಕಿದ್ದೆವು ಅಂದ. ಮಣ್ಣಿನ ಕೆಳಗಿನ ಆ ಮಾಲು ಯಾವತ್ತೋ ಯಾವುದೋ ಹಾಳೆಯಲ್ಲಿ ‘ಕಳಿಸಿದ್ದು’ ಆಗಿತ್ತು.

ಅವನ ಹಾಳೆಗೆ ಬಂದದ್ದು ಮಣ್ಣಲ್ಲ, ನೀರು.

2005ರ ಜುಲೈ 26, ಮಂಗಳವಾರ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆಯಾಯಿತು ಎಂದು ಆಮೇಲೆ ಎಲ್ಲರೂ ಓದಿದರು. ಅವನು ಆ ದಿನ ಥಾಣೆಯಲ್ಲಿದ್ದ. ಮಧ್ಯಾಹ್ನದ ಮೇಲೆ ಗಾಡಿ ನಿಂತವು. ರಾತ್ರಿಯಿಡೀ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಳಿತ, ಫಾರ್ಮುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು. ಮರುದಿನ ಸಂಜೆ ಮನೆ ಮುಟ್ಟಿದಾಗ ಅಮ್ಮ ಬೈದದ್ದು ಅದಕ್ಕೇ: ಪ್ರಾಣ ಹೋಗುವಾಗಲೂ ಕಾಗದ ಒದ್ದೆಯಾಗದಂತೆ ನೋಡಿಕೊಂಡಿದ್ದಾನಲ್ಲ!

ಮೇಲ್ಗಡೆ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ಉಲ್ಹಾಸ್ ನದಿ ಉಕ್ಕಿ ಬದ್ಲಾಪುರ, ಕಲ್ಯಾಣ್ ಭಾಗಕ್ಕೆಲ್ಲ ನುಗ್ಗಿತ್ತು. ವಾಲಧುನಿ ಎಂಬ ಸಣ್ಣ ನದಿ, ಉಳಿದ ಕಾಲದಲ್ಲಿ ಕೊಳಚೆಯ ಕಾಲುವೆಯಷ್ಟೇ ಅನ್ನಿಸುವಂಥದ್ದು, ತನ್ನ ಪಕ್ಕದ ಬೀದಿಗಳನ್ನೆಲ್ಲ ನುಂಗಿತ್ತು. ಆಗಸ್ಟಿನ ಎರಡನೆಯ ವಾರ ಅವನು ಕಲ್ಯಾಣಿಗೆ ಹೋದಾಗ ಗೋಡೆಗಳ ಮೇಲೆ ಎದೆಯ ಮಟ್ಟಕ್ಕೆ ಕಂದು ಗೆರೆ ಎಳೆದ ಹಾಗಿತ್ತು. ಊರಿಗೆಲ್ಲ ಒಂದೇ ಗೆರೆ.

ಆ ಪಟ್ಟಿಯಲ್ಲಿ ವಾಲಧುನಿ ಕಡೆಯ ಒಂದು ಅಂಗಡಿ ಇತ್ತು. ಮಾಲೀಕ ಉಲ್ಹಾಸನಗರದ ಸಿಂಧಿ, ಐವತ್ತರ ಆಸುಪಾಸಿನವನು. ಉಲ್ಹಾಸನಗರದ ಮಾಲಿನ ಮೇಲೆ ‘ಮೇಡ್ ಇನ್ ಯುಎಸ್‌ಎ’ ಎಂದು ಬರೆದಿರುತ್ತದೆ, ಅದು ಉಲ್ಹಾಸನಗರ್ ಸಿಂಧಿ ಅಸೋಸಿಯೇಷನ್ ಎಂಬ ಹಳೇ ಜೋಕನ್ನು ತಾನೇ ಹೇಳಿ ನಗುವ ಮನುಷ್ಯ. ಮುಂಬಯಿಯಲ್ಲಿ ದಕ್ಷಿಣದವರೆಲ್ಲ ಅಣ್ಣನೇ ಆದ್ದರಿಂದ ಇವನನ್ನೂ ಅಣ್ಣಾ ಅನ್ನುತ್ತಿದ್ದ. ಇವನು ಸೇಠ್ ಅನ್ನುತ್ತಿದ್ದ. ಪ್ರತಿ ತಿಂಗಳು ಎಣಿಕೆಗೆ ಬಿಟ್ಟು, ಕಟಿಂಗ್ ಚಹಾ ತರಿಸುವ ಅಂಗಡಿ ಅದೊಂದೇ ಆಗಿತ್ತು.

ಸೇಠ್ ಬಾಗಿಲ ಹೊರಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿದ್ದ. ಒಳಗೆ ಮಣ್ಣಿನ ವಾಸನೆ. ಸೀಡಿ, ಡಿಸ್ಕು, ಪ್ಲೇಸ್ಟೇಷನ್ ಡಬ್ಬಿ, ಟೀವಿ ಗೇಮು, ಎಲ್ಲವನ್ನೂ ಕಸದ ಗಾಡಿ ಒಯ್ದಿತ್ತು. ಮೇಲಿನ ಒಂದು ಶೆಲ್ಫು ಮಾತ್ರ ಒಣಗಿತ್ತು. ಅದರಲ್ಲಿ 11 ಸೀಡಿ.

“ಬರ್ಕೋ ಅಣ್ಣಾ,” ಅಂದ ಸೇಠ್. “ಈ ತಿಂಗಳು ಎಲ್ಲ ಖಾಲಿ. ಸೂಪರ್ ಹಿಟ್.”

ಅವನು ಪ್ಯಾಡು ತೆಗೆದ. ಕಳೆದ ಎಣಿಕೆಯ ಸ್ಟಾಕು 284. ಬಿಲ್ಲಿನ ಪ್ರಕಾರ ಬಂದದ್ದು 30. ಇವತ್ತು 11. ಕಳೆದರೆ 303. ತಿಂಗಳಿಗೆ 35-40 ಮಾರುವ ಅಂಗಡಿಯಲ್ಲಿ 303 ಮಾರಾಟ! ನೀರಿಗೆ ಹೋದದ್ದು, ಕಳವಾದದ್ದು, ಇಲಿ ಕಡಿದದ್ದು ಎಂದು ಬರೆಯಲು ಫಾರ್ಮಿನಲ್ಲಿ ಬೇರೆ ಕಾಲಂ ಇರಲಿಲ್ಲ. ಶೆಲ್ಫಿನಿಂದ ಹೋದದ್ದೆಲ್ಲ ಮಾರಾಟ. ಅಂಚಿನಲ್ಲಿ ಪೆನ್ಸಿಲಿನಿಂದ ‘ಪ್ರವಾಹ’ ಎಂದು ಇಂಗ್ಲಿಷಿನಲ್ಲಿ ಬರೆದು ಫಾರ್ಮನ್ನು ಕೊಟ್ಟ.

ಸೂಪರ್‌ವೈಸರ್ ಕರೆಸಿದರು. ಕೆಟ್ಟ ಮನುಷ್ಯರಲ್ಲ. ಅವರ ಮನೆಗೂ ನೀರು ನುಗ್ಗಿತ್ತು. “ಇದನ್ನು ಕಂಪ್ಯೂಟರ್ ತಗೊಳ್ಳುವುದಿಲ್ಲ, ವಾಪಸು ಕಳಿಸುತ್ತದೆ. ಅಂಚಿನಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ. ಅಂಗಡಿಯನ್ನು ಪಟ್ಟಿಯಿಂದ ತೆಗೆದರೆ ಬೇರೆ ಹುಡುಕಬೇಕು, ಈ ತಿಂಗಳು ಎಷ್ಟು ಅಂಗಡಿ ಹುಡುಕಲಿ? ಮಾಮೂಲು ಎಷ್ಟೋ ಅಷ್ಟು ಬರೆ” ಅಂದು ರಬ್ಬರನ್ನು ಮೇಜಿನ ಮೇಲೆ ಉರುಳಿಸಿದರು.

ಪೆನ್ಸಿಲ್ ಯಾಕೆ ಎಂದು ಅವತ್ತು ಗೊತ್ತಾಯಿತು.

ಅವನು 303ನ್ನು ಅಳಿಸಿ 38 ಬರೆದ. ಲೆಕ್ಕ ಕೂಡಬೇಕಲ್ಲ, ಕೊನೆಯ ಸ್ಟಾಕನ್ನು 11 ಇದ್ದದ್ದು 276 ಮಾಡಿದ. ಅಲ್ಲಿಗೆ ಪ್ರವಾಹ ಆಗಲೇ ಇಲ್ಲ. ಕಲ್ಯಾಣಿನ ಕಾಗದದ ಅಂಗಡಿಯಲ್ಲಿ 276 ಆಟಗಳು ಒಣಗಿ, ಸಾಲಾಗಿ, ಬೆಲೆಚೀಟಿ ಸಮೇತ ನಿಂತಿದ್ದವು.

ಸುಳ್ಳಿನ ಕಷ್ಟ ಮುಂದಿನ ತಿಂಗಳು ಶುರು. ಸೆಪ್ಟೆಂಬರಿನ ಆರಂಭದ ಸ್ಟಾಕು 276 ಎಂದು ಮೊದಲೇ ಅಚ್ಚಾಗಿ ಬಂತು. ಅದರಲ್ಲಿ 265 ಇಲ್ಲದ ಸೀಡಿಗಳು. ಅವನ್ನು ಎಲ್ಲಿಗಾದರೂ ಕಳಿಸಬೇಕು, ಕಳಿಸಲು ಇದ್ದ ದಾರಿ ಒಂದೇ, ಮಾರಾಟ. ಹಾಗಾಗಿ ತಿಂಗಳಿಗೆ ಐವತ್ತು ಚಿಲ್ಲರೆಯಂತೆ ಸತ್ತ ಆಟಗಳನ್ನು ಮಾರುತ್ತ ಬಂದ. ಸೇಠ್ ಸಾಲ ಮಾಡಿ ತಂದು ನಿಜಕ್ಕೂ ಮಾರಿದ ಹತ್ತು ಹನ್ನೆರಡರ ಜೊತೆ ಇವನ ಐವತ್ತು. ಸೆಪ್ಟೆಂಬರಿಗಿಂತ ಅಕ್ಟೋಬರ್ ಸ್ವಲ್ಪ ಜಾಸ್ತಿ ಇರಲಿ, ಹಬ್ಬ ಅಲ್ಲವೇ ಎಂದು ರಾತ್ರಿ ಮನೆಯಲ್ಲಿ ಕೂತು ಯೋಚಿಸಿ ಬರೆಯುತ್ತಿದ್ದ. ಅಪ್ಪ ಹೋಟೆಲಿನಿಂದ ಬಂದು ‘ಕರ್ನಾಟಕ ಮಲ್ಲ’ ಓದುತ್ತ ಪಕ್ಕದಲ್ಲೇ ಇರುತ್ತಿದ್ದರು. ಒಂದು ದಿನ ಇಣುಕಿ ನೋಡಿ, “ಅಂಗಡಿಗೆ ಹೋಗದೆಯೂ ಎಣಿಸಬಹುದಾ?” ಅಂದರು. ಅವನು ಉತ್ತರ ಕೊಡಲಿಲ್ಲ, ಅವರೂ ಮತ್ತೆ ಕೇಳಲಿಲ್ಲ.

ಮಾದರಿ ಅಂಗಡಿ ಒಂದೇ ಆದರೂ ಅದು ಒಂದೇ ಅಲ್ಲ. ಅಂಥ ಎಷ್ಟೋ ಅಂಗಡಿಗಳ ಪರವಾಗಿ ಅದು ನಿಂತಿರುತ್ತದೆ, ಅದರ ಅಂಕಿಯನ್ನು ಅಷ್ಟರಿಂದ ಗುಣಿಸುತ್ತಾರೆ. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಸುಕಿದ ಹಾಗೆ. ಅಗುಳೇ ಸುಳ್ಳಾದರೆ ಇಡೀ ಪಾತ್ರೆ ಸುಳ್ಳು. 2020ರ ಅಕ್ಟೋಬರಿನಲ್ಲಿ ಟೀವಿ ವಾಹಿನಿಗಳ ಟಿಆರ್‌ಪಿಯಲ್ಲಿ ಮೋಸ ನಡೆದಿದೆ ಎಂದು ಮುಂಬಯಿ ಪೊಲೀಸರು ಆರೋಪಿಸಿದಾಗ, ದೇಶದ ಕೋಟಿಗಟ್ಟಲೆ ಮನೆಗಳ ಪರವಾಗಿ ಮೀಟರ್ ಇರುವುದು ಸುಮಾರು 44,000 ಮನೆಗಳಲ್ಲಿ ಎಂದು ತಿಳಿದು ಜನ ಬೆರಗಾದರು. ಸುದ್ದಿ ವಾಹಿನಿಗಳ ರೇಟಿಂಗ್ ನಿಂತು, 2022ರ ಮಾರ್ಚ್‌ನಲ್ಲಷ್ಟೇ ಮತ್ತೆ ಶುರುವಾಯಿತು. ಆ ಮೊಕದ್ದಮೆಯನ್ನು ಆಮೇಲೆ ಸರಕಾರವೇ ಹಿಂತೆಗೆದುಕೊಂಡಿತು. ಆ ಸುದ್ದಿ ಓದುವಾಗ ಅವನಿಗೆ ಬೆರಗಾಗಲಿಲ್ಲ. ಸಣ್ಣ ಮಾದರಿಯ ತಪ್ಪಲ್ಲ ಅದು, 44,000 ಸಾಲದೆ ಏನಿಲ್ಲ. ಎಣಿಸುವವನ ಕೈ ಎಷ್ಟು ದೂರದಲ್ಲಿದೆ, ಅದರ ಮೇಲೆ ಯಾರ ಕಣ್ಣಿದೆ ಅನ್ನುವುದಷ್ಟೇ ಪ್ರಶ್ನೆ.

ಆ ವರ್ಷ ದೀಪಾವಳಿ ನವೆಂಬರ್ 1ಕ್ಕೆ. ಅದಕ್ಕೆ ಎರಡು ವಾರ ಮೊದಲು ಎಣಿಕೆಗೆ ಹೋದಾಗ ಸೇಠ್‌ನ ಅಂಗಡಿ ತುಂಬಿ ತುಳುಕುತ್ತಿತ್ತು. ಹೊಸ ಬಣ್ಣ, ಹೊಸ ಶೆಲ್ಫು. ಡಿಸ್ಟ್ರಿಬ್ಯೂಟರ್ ಕಡೆಯ ಸೇಲ್ಸ್‌ಮನ್ ಬಂದಿದ್ದನಂತೆ. ಕಲ್ಯಾಣ್ ಮಾರ್ಕೆಟ್ ಜೋರಾಗಿದೆ, ನೆರೆಯಿಂದ ಏನೂ ಪೆಟ್ಟಾಗಿಲ್ಲ, ರಿಪೋರ್ಟ್ ಬಂದಿದೆ ಅಂದನಂತೆ. ನೆನೆದ ಮಾಲು ವಾಪಸು ತೆಗೆದುಕೊಳ್ಳುವ ಮಾತನ್ನು ಸೇಠ್ ಎತ್ತಿದ್ದಕ್ಕೆ, “ಬೇರೆಯವರದ್ದೆಲ್ಲ ಓಡುತ್ತಿದೆ, ನಿಮ್ಮದೊಂದೇ ಹೇಗೆ?” ಎಂದು ಕೇಳಿದನಂತೆ. ಕೊನೆಗೆ ಹಳೇ ಬಾಕಿ ಹಾಗೇ ಇಟ್ಟು, ಹೊಸ ಮಾಲು ಉದ್ದರಿ ಕೊಟ್ಟು ಹೋಗಿದ್ದ.

“ಮಾರ್ಕೆಟ್ ಜೋರಾಗಿದೆಯಾ ಅಣ್ಣಾ? ನೀನು ಎಲ್ಲ ಅಂಗಡಿ ತಿರುಗುತ್ತೀ, ನಿನಗೆ ಗೊತ್ತಿರುತ್ತೆ” ಅಂದ ಸೇಠ್.

ಆ ‘ರಿಪೋರ್ಟು’ ಇವನ ಕಂಪನಿಯದೇ ಆಗಿರಬೇಕೆಂದಿಲ್ಲ. ಸೇಲ್ಸ್‌ಮನ್‌ಗಳು ಬಾಯಿಗೆ ಬಂದದ್ದಕ್ಕೆಲ್ಲ ರಿಪೋರ್ಟ್ ಅನ್ನುತ್ತಾರೆ. ಈ ಸಮಾಧಾನವನ್ನು ಅವನು ಎಷ್ಟೋ ವರ್ಷ ಹೇಳಿಕೊಂಡ. ಅವತ್ತು ಮಾತ್ರ, “ಪರವಾಗಿಲ್ಲ ಸೇಠ್” ಅಂದು ಚಹಾ ಕುಡಿದು, ಎಣಿಸಿ, ಬಂದ. ಜನವರಿಯ ಹೊತ್ತಿಗೆ ಇಲ್ಲದ ಸೀಡಿಗಳೆಲ್ಲ ಮಾರಾಟವಾಗಿ ಕಾಗದವೂ ಅಂಗಡಿಯೂ ಒಂದಾದವು. ಗೇಮಿನ ಹಾಳೆಯ ಪ್ರಯೋಗವೂ ಅಲ್ಲಿಗೆ ನಿಂತಿತು. 2007ರಲ್ಲಿ ಅವನು ಕೆಲಸ ಬಿಟ್ಟು ಮಹಾಪೆಯ ಒಂದು ಸಾರಿಗೆ ಕಂಪನಿಯ ಅಕೌಂಟ್ಸಿಗೆ ಸೇರಿದ. ಬಿಡುವ ಮೊದಲೊಮ್ಮೆ ವಾಲಧುನಿ ಕಡೆ ಹೋದಾಗ ಅಂಗಡಿಯ ಜಾಗದಲ್ಲಿ ಮೊಬೈಲ್ ರೀಚಾರ್ಜಿನ ಬೋರ್ಡಿತ್ತು, ಕೂತಿದ್ದವನು ಬೇರೆ ಯಾರೋ.

2021ರ ಫೆಬ್ರವರಿ. ಐರೋಲಿಯ ಮನೆಯಲ್ಲಿ ಹದಿಮೂರರ ಮಗ ಪ್ಲೇಸ್ಟೇಷನ್ 5ಕ್ಕೆ ಹಟ ಹಿಡಿದಿದ್ದ. ಭಾರತಕ್ಕೆ ಅದು ಬಂದದ್ದು ಫೆಬ್ರವರಿ 2ರಂದು, ಡಿಸ್ಕ್ ಹಾಕುವುದಕ್ಕೆ 49,990 ರೂಪಾಯಿ. ಜನವರಿಯಲ್ಲಿ ಬುಕಿಂಗ್ ತೆರೆದ ಕೆಲವೇ ನಿಮಿಷಕ್ಕೆ ಮುಗಿದಿತ್ತು. “ನಿಮಿಷದಲ್ಲಿ ಸೋಲ್ಡ್ ಔಟ್ ಪಪ್ಪಾ, ಎಷ್ಟು ಡಿಮ್ಯಾಂಡ್ ನೋಡಿ” ಅಂದ ಮಗ. ನೂರು ಇದ್ದರೂ ನಿಮಿಷದಲ್ಲಿ ಮುಗಿಯುತ್ತದೆ, ಹತ್ತು ಸಾವಿರ ಇದ್ದರೂ ಮುಗಿಯಬಹುದು, ತಂದದ್ದು ಎಷ್ಟು ಎಂದು ಗೊತ್ತಿಲ್ಲದೆ ಮುಗಿದದ್ದರಿಂದ ಏನು ತಿಳಿಯುತ್ತದೆ ಎಂದು ಅಪ್ಪ ಶುರುಮಾಡಿದ್ದಕ್ಕೆ ಹುಡುಗ ಬೇಸರದಿಂದ ಎದ್ದುಹೋದ.

ಉಲ್ಹಾಸನಗರದಲ್ಲಿ ಸಿಗುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಕೋವಿಡ್ಡಿನ ನಂತರ ಲೋಕಲ್ ಆಗಷ್ಟೇ ಎಲ್ಲರಿಗೂ ತೆರೆದಿತ್ತು, ಅದೂ ಮಧ್ಯಾಹ್ನ 12ರಿಂದ 4ರವರೆಗೆ ಮತ್ತು ಹೊತ್ತಲ್ಲದ ಹೊತ್ತಿನಲ್ಲಿ. ಮಧ್ಯಾಹ್ನದ ಗಾಡಿಯಲ್ಲಿ ವಿಠಲವಾಡಿಗೆ ಇಳಿದು, ವಿಚಾರಿಸುತ್ತ ಹೋಗಿ ಮುಟ್ಟಿದ ಅಂಗಡಿಯ ಮೂಲೆಯಲ್ಲಿ ಮಾಸ್ಕು ಗದ್ದಕ್ಕೆ ಇಳಿಸಿಕೊಂಡು ಕುಳಿತಿದ್ದ ಮುದುಕ ಸೇಠ್. ಕೌಂಟರ್ ನೋಡಿಕೊಳ್ಳುವುದು ಮಗ. ಗುರುತು ಹಿಡಿಯಲು ಸೇಠ್‌ಗೆ ಅರ್ಧ ನಿಮಿಷ ಬೇಕಾಯಿತು. ಆಮೇಲೆ “ಪೆನ್ಸಿಲ್ ಅಣ್ಣಾ!” ಅಂದ. ಚಹಾ ಬಂತು.

ಹದಿನಾರು ವರ್ಷ ಇಟ್ಟುಕೊಂಡದ್ದನ್ನು ಅವನು ಅವತ್ತು ಹೇಳಿದ. 303, 38, 276, ತಿಂಗಳಿಗೆ ಐವತ್ತು. ಅಂಕಿಗಳೆಲ್ಲ ಬಾಯಿಪಾಠವಾಗಿದ್ದವು. ದೀಪಾವಳಿಯ ಉದ್ದರಿಯ ಮಾತನ್ನೂ ಎತ್ತಿದ. ಸೇಠ್ ಸುಮ್ಮನೆ ಕೇಳಿದ. ಆ ಸಾಲ ತೀರಿಸಲು ಅಂಗಡಿ ಮಾರಿದ್ದು ನಿಜ ಅಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, “ಮೊದಲು ಎಷ್ಟಿತ್ತು ಅಂದೆ, ನೀರು ಬರುವ ಮುಂಚೆ?”

“284.”

“ಯಾರು ಹೇಳಿದರು?”

“ಹೇಳುವುದೇನು ಸೇಠ್, ನಾನೇ ಎಣಿಸಿದ್ದು. ಒಂದೊಂದಾಗಿ.”

“ನೀನು ಎಣಿಸಿದ್ದು ಡಬ್ಬಿ,” ಅಂದ ಸೇಠ್. “ಅರ್ಧಕ್ಕರ್ಧ ಖಾಲಿ ಡಬ್ಬಿ ಅಣ್ಣಾ. ಅಂಗಡಿ ತುಂಬಿದ ಹಾಗೆ ಕಾಣಬೇಕಲ್ಲ. ಮಾಲು ಕೆಳಗಿನ ಡ್ರಾಯರಿನಲ್ಲಿರುತ್ತಿತ್ತು, ಅದನ್ನು ನಿನಗೆ ಯಾವತ್ತು ತೋರಿಸಿದ್ದೆ?” ಡ್ರಾಯರಿನಲ್ಲಿ ಎಷ್ಟಿತ್ತು ಎಂದು ಇವನು ಕೇಳಿದ. ಸೇಠ್ ಕೈಯಾಡಿಸಿ, “ಅದನ್ನು ನಾನೂ ಎಣಿಸುತ್ತಿರಲಿಲ್ಲ” ಅಂದ.

ಪ್ಲೇಸ್ಟೇಷನ್ 5ಕ್ಕೆ ಸೇಠ್‌ನ ಮಗ ಹೇಳಿದ ಬೆಲೆ ಡಬ್ಬಿಯ ಮೇಲಿನದ್ದಕ್ಕಿಂತ ಬಹಳ ಹೆಚ್ಚಿತ್ತು. ಇಡೀ ಪೇಟೆಯಲ್ಲಿ ಇರುವುದು ಎರಡೇ ಪೀಸು, ಸಂಜೆಯೊಳಗೆ ಅವೂ ಹೋಗುತ್ತವೆ ಅಂದ. ಅವನ ಬೆನ್ನ ಹಿಂದೆ, ಹಳೇ ಪೇಪರು ಮುಚ್ಚಿದ್ದರೂ, ಐದು ಡಬ್ಬಿಗಳ ಅಂಚು ಕಾಣುತ್ತಿತ್ತು. ನಾಲ್ಕರ ಗಾಡಿಗೆ ಹೊತ್ತಾಗಿತ್ತು. ಸೇಠ್ ಬಾಗಿಲವರೆಗೆ ಬಂದು, ಮುಂದಿನ ವಾರ ಫೋನ್ ಮಾಡು, ನಿನಗೆ ಸರಿಯಾದ ರೇಟಿಗೆ ಕೊಡಿಸುತ್ತೇನೆ ಅಂದ.